ಕೌದಿಯೂ ಕಲ್ಪನೆಯೂ

ಚಳಿಗಾಲದ ರಾತ್ರಿಯಲ್ಲಿ ಮನುಷ್ಯನಿಗೆ ಬೇಕಾದುದು ಬೆಚ್ಚನೆಯ ಹೊದಿಕೆ. ಆ ಹೊದಿಕೆಯ ಬಣ್ಣ ಯಾವುದು, ಅದರ ಮೇಲಿನ ಚಿತ್ತಾರ ಎಂತಹದು ಎಂದು ಚಳಿ ಕೇಳುವುದಿಲ್ಲ. ಆದರೂ ಕಡುಬಡತನದಲ್ಲಿ ಬಾಳಿದ ಜನರು ಕೂಡ ತಮ್ಮ ಹೊದಿಕೆಯನ್ನು ಬರಿಯ ಹೊದಿಕೆಯಾಗಿ ಉಳಿಯಗೊಟ್ಟಿಲ್ಲ. ಮೈಗೆ ಬೆಚ್ಚಗಿದ್ದರೆ ಸಾಲದು, ಕಣ್ಣಿಗೂ ಹಿತವಾಗಿರಬೇಕು ಎಂದು ಅವರು ಬಯಸಿದ್ದಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಕಾಣಸಿಗುವ ಕೌದಿ ಈ ಬಯಕೆಗೆ ಒಳ್ಳೆಯ ಸಾಕ್ಷಿಯಾಗಿದೆ.

ಉಟ್ಟು ಹಳತಾದ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಕುಪ್ಪಸ ಹೊಲಿದು ಉಳಿದ ಚೂರು, ಇವೇ ಕೌದಿಯ ಮೂಲದ್ರವ್ಯಗಳು. ಒಂದು ಹಳೆಯ ಸೀರೆಯನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಹಳೆಯ ಬಟ್ಟೆಗಳ ಪದರಗಳನ್ನು ಹರಡಿ, ಎಲ್ಲಕ್ಕಿಂತ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಹೊಂದಿಸುತ್ತಾರೆ. ಬಳಿಕ ದಪ್ಪ ದಾರ ಪೋಣಿಸಿದ ಸೂಜಿಯು ಎಲ್ಲ ಪದರಗಳನ್ನೂ ಹಾದು, ಮೇಲೆ ಕೆಳಗೆ ಸಾಗುತ್ತ, ಸಾಲುಸಾಲಾಗಿ ಹೊಲಿಗೆಯನ್ನು ಬಿಡುತ್ತ ಹೋಗುತ್ತದೆ. ಈ ಹೊಲಿಗೆ ಪದರಗಳನ್ನು ಒಂದುಗೂಡಿಸುತ್ತದೆ. ಮೇಲಿನ ತುಂಡುಗಳ ಹೊಂದಿಕೆ ಕೌದಿಗೆ ಒಂದು ಮುಖವನ್ನು ಕೊಡುತ್ತದೆ. ಒಂದು ಮನೆಯ ಕೌದಿ ಇನ್ನೊಂದು ಮನೆಯ ಕೌದಿಯಂತೆ ಇರುವುದಿಲ್ಲ. ಒಬ್ಬಳೇ ಹೊಲಿದ ಎರಡು ಕೌದಿಗಳೂ ಒಂದೇ ತೆರನಾಗಿರುವುದಿಲ್ಲ.

ಕೌದಿ ಹೊಲಿಯುವವಳ ಮುಂದೆ ಬರೆದಿಟ್ಟ ನಕ್ಷೆಯಿಲ್ಲ, ಕತ್ತರಿಸಿಟ್ಟ ಅಚ್ಚಿಲ್ಲ. ಆದುದರಿಂದ ಆಕೆಯ ಕೆಲಸದಲ್ಲಿ ಯೋಜನೆಯೇ ಇಲ್ಲವೆಂದು ಅನೇಕರು ಭಾವಿಸುತ್ತಾರೆ. ಕೈಗೆ ಸಿಕ್ಕಿದ ಚೂರುಗಳನ್ನು ಸಿಕ್ಕಿದ ಹಾಗೆ ಸೇರಿಸಿದ್ದಾಳೆ ಎಂದು ಹೇಳಿ ಸುಮ್ಮನಾಗುತ್ತಾರೆ. ಇದು ಸರಿಯಾದ ತೀರ್ಪಲ್ಲ. ಮಾದರಿಯಿಲ್ಲದೆ ಕೌದಿಯ ಮೇಲ್ಪದರವನ್ನು ರೂಪಿಸುವುದು ಕೈಯ ಕೆಲಸವಾಗಿರುವಷ್ಟೇ ಬುದ್ಧಿಯ ಕೆಲಸವೂ ಆಗಿದೆ. ಆ ಬುದ್ಧಿಯ ಕೆಲಸವನ್ನು ಅಂಗಡಿಯಲ್ಲಿ ಕೊಂಡುತಂದ ಮಾದರಿಗೆ ಒಪ್ಪಿಸಿಬಿಟ್ಟರೆ ಹೊಲಿಯುವವರ ಪಾಲಿಗೆ ಉಳಿಯುವುದು ದುಡಿಮೆ ಮಾತ್ರ. ಈ ಮಾತನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಅವಶ್ಯಕ.

ಮಾರಾಟದ ಮಾದರಿ ಕೌದಿಯ ಲೋಕಕ್ಕೆ ಹೇಗೆ ಬಂತು ಎಂಬುದನ್ನು ತಿಳಿಯಲು ಅಮೆರಿಕದ ಇತಿಹಾಸವನ್ನು ನೋಡಬೇಕು. ಅಲ್ಲಿಯೂ ತುಂಡುಬಟ್ಟೆಗಳನ್ನು ಜೋಡಿಸಿ ಹೊದಿಕೆ ಹೊಲಿಯುವ ವಾಡಿಕೆ ಬಹುಕಾಲದಿಂದ ಇದೆ. 1835ರಲ್ಲಿ 'ಗೋಡಿಯ ಲೇಡೀಸ್ ಬುಕ್' ಎಂಬ ಮಹಿಳೆಯರ ಮಾಸಪತ್ರಿಕೆಯು ಆರು ಮೂಲೆಯ ತುಂಡುಗಳನ್ನು ಜೋಡಿಸುವ ಒಂದು ಮಾದರಿಯನ್ನು ಅಚ್ಚು ಹಾಕಿತು. 1889ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಆರಂಭವಾದ 'ಲೇಡೀಸ್ ಆರ್ಟ್ ಕಂಪನಿ' ನೂರಾರು ಮಾದರಿಗಳ ಪಟ್ಟಿಯನ್ನು ಮುದ್ರಿಸಿ ಅಂಚೆಯ ಮೂಲಕ ಮಾರತೊಡಗಿತು. 1928ರಿಂದ 1961ರ ವರೆಗೆ 'ಕಾನ್ಸಾಸ್ ಸಿಟಿ ಸ್ಟಾರ್' ಎಂಬ ವೃತ್ತಪತ್ರಿಕೆಯು ಓದುಗರಿಗಾಗಿ ಕೌದಿಯ ಮಾದರಿಗಳನ್ನು ಪ್ರಕಟಿಸಿತು. ಮುಂದೆ ತುಂಡುಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಬಣ್ಣಗಳನ್ನೂ ಆರಿಸಿ, ಪೊಟ್ಟಣ ಕಟ್ಟಿ ಮಾರುವ ಪದ್ಧತಿಯೂ ಬಂತು. ಕೊಂಡವರು ಅದರಲ್ಲಿ ಹೇಳಿದಂತೆ ಹೊಲಿದರೆ ಸಾಕು.

ಈ ಮಾದರಿಗಳಿಂದ ಉಪಕಾರವಾಗಲಿಲ್ಲವೆಂದು ಹೇಳಲಾಗದು. ಊರಿನಿಂದ ದೂರದ ಹೊಲಮನೆಗಳಲ್ಲಿ ಒಂಟಿಯಾಗಿ ಬಾಳುತ್ತಿದ್ದ ಹೆಂಗಸರಿಗೆ ಪತ್ರಿಕೆಯ ಆ ಪುಟ ಹೊರಲೋಕದೊಂದಿಗೆ ಸಂಪರ್ಕ ಕಲ್ಪಿಸಿತು. ಒಂದು ಪ್ರಾಂತದ ವಿನ್ಯಾಸ ಇನ್ನೊಂದು ಪ್ರಾಂತಕ್ಕೆ ತಲಪಿತು. ಮರೆತುಹೋಗಬಹುದಾಗಿದ್ದ ಎಷ್ಟೋ ಚಿತ್ತಾರಗಳು ಕಾಗದದ ಮೇಲೆ ಉಳಿದುಕೊಂಡವು. ಆದರೆ ಇದರ ಜೊತೆಗೇ ಇನ್ನೊಂದು ಪರಿಣಾಮವೂ ಉಂಟಾಯಿತು. ಅಚ್ಚಿನಲ್ಲಿ ಬಂದುದೇ ಸರಿ, ಉಳಿದುದೆಲ್ಲ ಒರಟು ಎಂಬ ಭಾವನೆ ಬೆಳೆಯಿತು. 1933ರಲ್ಲಿ ಷಿಕಾಗೋ ನಗರದ ವಿಶ್ವಮೇಳದ ಸಂದರ್ಭದಲ್ಲಿ ಸಿಯರ್ಸ್ ಎಂಬ ವ್ಯಾಪಾರ ಸಂಸ್ಥೆ ಒಂದು ಕೌದಿ ಸ್ಪರ್ಧೆಯನ್ನು ಏರ್ಪಡಿಸಿತು. ಸುಮಾರು 24,000 ಕೌದಿಗಳು ಬಂದವು. ಮೇಳದ ಆಶಯವಾಗಿದ್ದ 'ಒಂದು ಶತಮಾನದ ಪ್ರಗತಿ'ಯನ್ನು ಕುರಿತು ಹಲವು ಸ್ತ್ರೀಯರು ತಾವೇ ಯೋಚಿಸಿ ಹೊಸ ಚಿತ್ರಗಳನ್ನು ರಚಿಸಿ ಕಳುಹಿಸಿದ್ದರು. ಆದರೆ ಅತ್ಯುನ್ನತ ಬಹುಮಾನ ದೊರೆತುದು ರೂಢಿಯಲ್ಲಿದ್ದ ನಕ್ಷತ್ರದ ವಿನ್ಯಾಸದ ಅಚ್ಚುಕಟ್ಟಾದ ಹೊಲಿಗೆಗೆ. ಅದರ ಹೊಲಿಗೆಯನ್ನು ಹಾಕಿದವರೂ ಬಹುಮಾನ ಪಡೆದಾಕೆಯಲ್ಲ, ಕೂಲಿಗೆ ದುಡಿದ ಬೇರೆ ಹೆಂಗಸರು ಎಂಬುದು ಅನಂತರ ತಿಳಿದುಬಂತು. ಹೊಸದಾಗಿ ಯೋಚಿಸಿದವರನ್ನೂ ನಿಜವಾಗಿ ಹೊಲಿದವರನ್ನೂ ಮರೆಸಿದ ಆ ಬಹುಮಾನ ಯಾವುದನ್ನು ಗೌರವಿಸಿತು ಎಂದು ವಿಚಾರ ಮಾಡಬೇಕಾಗಿದೆ.

ಹಾಗಾದರೆ ಮಾದರಿಯಿಲ್ಲದೆ ಹೊಲಿಯುವವರು ಮಾಡುವ ಯೋಚನೆ ಎಂತಹದು? ಕೌದಿ ಹೊಲಿಯಲು ಕುಳಿತವಳ ಮುಂದೆ ಮೊದಲು ಬಂದು ನಿಲ್ಲುವುದು ಬಟ್ಟೆಯ ಗಂಟು. ಅದರಲ್ಲಿ ಎಷ್ಟು ಕೆಂಪು, ಎಷ್ಟು ಹಸಿರು, ಎಷ್ಟು ಬಿಳಿ ಇದೆಯೆಂಬುದು ಆಕೆಯ ಇಚ್ಛೆಯನ್ನು ಅವಲಂಬಿಸಿಲ್ಲ. ಮನೆಯವರು ಯಾವುದನ್ನು ಉಟ್ಟು ಹಳತು ಮಾಡಿದರೋ ಅದೇ ಅಲ್ಲಿರುತ್ತದೆ. ಕೆಂಪು ಒಂದು ಗೇಣು ಮಾತ್ರ ಇದ್ದರೆ ಅದನ್ನು ನಡುವೆ ಇಡಬೇಕೆ, ಇಲ್ಲವೆ ಸಣ್ಣದಾಗಿ ಹರಿದು ನಾಲ್ಕು ಕಡೆ ಹಂಚಬೇಕೆ? ಇಳಕಲ್ಲ ಸೀರೆಯ ಅಂಚು ಇನ್ನೂ ಗಟ್ಟಿಯಾಗಿದ್ದರೆ ಅದನ್ನು ಕೌದಿಯ ಅಂಚಿಗೇ ಬಳಸಬೇಕೆ? ಕೌದಿ ಬೇಗ ಸವೆಯುವುದು ಅಂಚಿನಲ್ಲಿ. ಆದುದರಿಂದ ಗಟ್ಟಿ ಬಟ್ಟೆ ಅಲ್ಲಿಗೆ ಬೇಕು. ಮೈಗೆ ತಾಗುವ ಕಡೆಗೆ ಮೃದುವಾದ ಹಳೆಯ ಹತ್ತಿಬಟ್ಟೆ ಬೇಕು. ಹೊಸ ಬಟ್ಟೆಯನ್ನು ತೊಳೆಯದೆ ಹಳೆಯದರ ಪಕ್ಕದಲ್ಲಿ ಹೊಲಿದರೆ, ಮೊದಲ ಸಲ ನೀರಿಗೆ ಹಾಕಿದಾಗಲೇ ಹೊಸದು ಕುಗ್ಗಿ ಹಳೆಯದನ್ನು ಎಳೆದು ಹರಿಯುತ್ತದೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಅದು ಹಿಗ್ಗುತ್ತದೆ. ಎಳೆಯ ನೇರಕ್ಕೆ ಕತ್ತರಿಸಿದರೆ ನೆಟ್ಟಗೆ ನಿಲ್ಲುತ್ತದೆ. ಹೀಗೆ ಬಣ್ಣ, ಬಲ, ಉಪಯೋಗ ಮತ್ತು ಇರುವ ಬಟ್ಟೆಯ ಮಿತಿ ಎಂಬ ನಾಲ್ಕು ವಿಷಯಗಳನ್ನು ಒಟ್ಟಿಗೆ ತೂಗಿ ನೋಡಿ ಆಕೆ ಒಂದೊಂದು ತುಂಡನ್ನೂ ಇಡುತ್ತಾಳೆ. ಯಂತ್ರಶಿಲ್ಪಿಯೂ ವಾಸ್ತುಶಿಲ್ಪಿಯೂ ಮಾಡುವ ಯೋಚನೆ ಇದಕ್ಕಿಂತ ಬೇರೆ ಜಾತಿಯದೇನೂ ಅಲ್ಲ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಮೊದಲಾದ ತಾಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗದ ಮಹಿಳೆಯರ ಕೌದಿಗಳಲ್ಲಿ ಈ ಯೋಚನೆಯ ಕ್ರಮವನ್ನು ಸ್ಪಷ್ಟವಾಗಿ ಕಾಣಬಹುದು. ಸಿದ್ದಿಗಳು ಶತಮಾನಗಳ ಹಿಂದೆ ಆಫ್ರಿಕದಿಂದ ಭಾರತಕ್ಕೆ ಬಂದವರ ಸಂತತಿ. ಅವರಲ್ಲಿ ಅನೇಕರ ಪೂರ್ವಜರನ್ನು ಗುಲಾಮರನ್ನಾಗಿ ಮಾಡಿ ಕರೆತರಲಾಗಿತ್ತು. ಕವಂದಿ ಎಂದು ಕರೆಯಲಾಗುವ ಈ ಕೌದಿಯನ್ನು ಹೊಲಿಯುವಾಕೆ ಒಂದು ಮೂಲೆಯಿಂದ ಆರಂಭಿಸುತ್ತಾಳೆ. ಅಂಚಿನ ಗುಂಟ ತುಂಡುಗಳನ್ನಿಟ್ಟು ಹೊಲಿಯುತ್ತ ಸುತ್ತು ಬರುತ್ತಾಳೆ. ಒಂದು ಸುತ್ತು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು, ಹೀಗೆ ಕೊನೆಗೆ ನಡುವಿಗೆ ಬಂದು ತಲಪುತ್ತಾಳೆ. ತುಂಡನ್ನು ಕೂಡಿಸುವ ಹೊಲಿಗೆಯೂ ಪದರಗಳನ್ನು ಹಿಡಿದಿಡುವ ಹೊಲಿಗೆಯೂ ಇಲ್ಲಿ ಒಂದೇ. ಹೀಗಾಗಿ ಇಟ್ಟ ತುಂಡು ಇಟ್ಟಲ್ಲಿಯೇ ಉಳಿಯುತ್ತದೆ. ಮುಂದಿನ ತುಂಡನ್ನು ಅದಕ್ಕೆ ಒಪ್ಪುವಂತೆ ಆರಿಸಬೇಕಾಗುತ್ತದೆ. ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮಡಿಸಿ ಮಾಡಿದ 'ಫುಲಾ' ಎಂಬ ಹೂವುಗಳನ್ನು ಹೊಲಿಯುತ್ತಾರೆ. ಅವಿಲ್ಲದೆ ಕವಂದಿ ಪೂರ್ಣವಾಯಿತೆಂದು ಒಪ್ಪುವುದಿಲ್ಲ. ಸಿದ್ದಿಗಳಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಕೆಲವರ ಕೌದಿಗಳಲ್ಲಿ ಶಿಲುಬೆಯೂ ಕೆಲವರವುಗಳಲ್ಲಿ ಅರ್ಧಚಂದ್ರವೂ ಕಾಣಿಸಿಕೊಳ್ಳುತ್ತವೆ.

2004ರಲ್ಲಿ ಅಮೆರಿಕದ ಕಲಾ ಇತಿಹಾಸಜ್ಞರಾದ ಹೆನ್ರಿ ಜಾನ್ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರು ಕೌದಿ ಹೊಲಿಯುವ ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡರು. 2011ರಲ್ಲಿ ನ್ಯೂಯಾರ್ಕ್ ನಗರದ ಷಾಂಬರ್ಗ್ ಕೇಂದ್ರದಲ್ಲಿ ಅವರ ಕೌದಿಗಳ ಪ್ರದರ್ಶನ ನಡೆಯಿತು. ಯಾವ ವಿನ್ಯಾಸಶಾಲೆಯಲ್ಲಿಯೂ ಕಲಿಯದ, ಅಚ್ಚುಕಾಗದವನ್ನು ಮುಟ್ಟದ ಹೆಂಗಸರ ಕಲ್ಪನೆಯನ್ನು ದೂರದೇಶದ ಜನರು ಕಣ್ಣಾರೆ ನೋಡಿ ಮೆಚ್ಚಿದರು.

ಇಂತಹುದೇ ಇನ್ನೊಂದು ನಿದರ್ಶನ ಅಮೆರಿಕದಲ್ಲಿಯೂ ಇದೆ. ಅಲಬಾಮಾ ಸಂಸ್ಥಾನದಲ್ಲಿ ಅಲಬಾಮಾ ನದಿಯು ಮೂರು ಕಡೆ ಸುತ್ತುವರಿದ 'ಜೀಸ್ ಬೆಂಡ್' ಎಂಬ ಪುಟ್ಟ ಊರಿದೆ. ಅಲ್ಲಿನವರು ಹತ್ತಿಯ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ನರ ವಂಶಜರು. 1962ರಲ್ಲಿ, ಅವರು ಮತದಾನದ ಹಕ್ಕನ್ನು ಕೇಳತೊಡಗಿದ ಕಾಲದಲ್ಲಿ, ನದಿಯಾಚೆಯ ಪಟ್ಟಣಕ್ಕೆ ಹೋಗುತ್ತಿದ್ದ ದೋಣಿಯ ಸಂಚಾರವನ್ನು ನಿಲ್ಲಿಸಲಾಯಿತು. ಅದು ಮತ್ತೆ ಆರಂಭವಾದುದು 2006ರಲ್ಲಿ. ಇಂತಹ ಒಂಟಿತನದಲ್ಲಿಯೂ ಬಡತನದಲ್ಲಿಯೂ ಅಲ್ಲಿನ ಹೆಂಗಸರು ಸವೆದ ಕೆಲಸದ ಉಡುಪುಗಳಿಂದ ಕೌದಿ ಹೊಲಿದರು. ಹೀಗೆ ಯಾರ ಮಾದರಿಗೂ ಕಟ್ಟುಬೀಳದೆ ಹೊಲಿದ ಕೌದಿಯನ್ನು ಅವರು ತಮ್ಮ ಮಾತಿನಲ್ಲಿ 'ನನ್ನ ದಾರಿ' ಎಂದು ಕರೆದರು. 1942ರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬಾಕೆ ತೀರಿಹೋದ ತನ್ನ ಗಂಡನ ಕೆಲಸದ ಬಟ್ಟೆಗಳನ್ನೇ ಬಿಡಿಸಿ ಒಂದು ಕೌದಿಯನ್ನು ಹೊಲಿದಳು. ಅವನ ನೆನಪು ಉಳಿಯಬೇಕು, ಅದನ್ನೇ ಹೊದ್ದು ಮಲಗಬೇಕು ಎಂಬುದು ಆಕೆಯ ಇಚ್ಛೆಯಾಗಿತ್ತು. ಮಾಸಿದ ನೀಲಿ, ಬೂದು, ಕಂದು ಬಣ್ಣದ ಆ ತುಂಡುಗಳಿಗೆ ಒಪ್ಪುವ ಮಾದರಿ ಯಾವ ಅಂಗಡಿಯಲ್ಲಿ ದೊರೆಯಬಹುದಾಗಿತ್ತು?

ಜೀಸ್ ಬೆಂಡಿನ ಕಥೆಯಲ್ಲಿ ಗಮನಿಸಬೇಕಾದ ಇನ್ನೊಂದು ಭಾಗವಿದೆ. 1966ರಲ್ಲಿ ಆ ಪ್ರದೇಶದ ಹೆಂಗಸರು 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘವನ್ನು ಸ್ಥಾಪಿಸಿದರು. ನಗರದ ದೊಡ್ಡ ಅಂಗಡಿಗಳಿಂದ ಬೇಡಿಕೆ ಬಂತು. ಆದರೆ ಅಂಗಡಿಗಳಿಗೆ ಬೇಕಾದುದು ಒಂದರಂತೆ ಇನ್ನೊಂದು ಇರುವ ಮಾಲು: ಒಂದೇ ಅಳತೆ, ಒಂದೇ ಬಣ್ಣ, ಒಂದೇ ವಿನ್ಯಾಸ. ಹೆಂಗಸರು ಹಾಗೆಯೇ ಹೊಲಿದುಕೊಟ್ಟರು. ಅದರಿಂದ ಕೈಗೆ ಹಣ ಬಂತು. ಆ ಹಣ ಅವರಿಗೆ ಅತ್ಯಂತ ಅಗತ್ಯವಾಗಿತ್ತು. ಅದನ್ನು ಹೀನವೆಂದು ಹಳಿಯುವ ಅಧಿಕಾರ ಹೊಟ್ಟೆ ತುಂಬಿದವರಿಗಿಲ್ಲ. 1972ರ ಸುಮಾರಿಗೆ ಸಿಯರ್ಸ್ ಸಂಸ್ಥೆಗಾಗಿ ಅವರು ಕಾರ್ಡುರಾಯ್ ಎಂಬ ಗೀರುಬಟ್ಟೆಯ ದಿಂಬಿನ ಹೊದಿಕೆಗಳನ್ನು ಹೊಲಿದರು. ಆ ಕೆಲಸದಲ್ಲಿ ಉಳಿದ ಚೂರುಗಳು ಊರಿನ ಮನೆಗಳನ್ನು ಸೇರಿದವು. ಮನೆಯಲ್ಲಿ ಅದೇ ಹೆಂಗಸರು ಅದೇ ಚೂರುಗಳಿಂದ ತಮ್ಮ ಇಷ್ಟದಂತೆ ಕೌದಿಗಳನ್ನು ರೂಪಿಸಿದರು. 2002ರಲ್ಲಿ ಜೀಸ್ ಬೆಂಡಿನ ಕೌದಿಗಳ ಪ್ರದರ್ಶನ ಹ್ಯೂಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿ ಆರಂಭವಾಗಿ ಬಳಿಕ ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ಗೋಡೆಯ ಮೇಲೆ ತೂಗಿದುದು ಮನೆಯಲ್ಲಿ 'ನನ್ನ ದಾರಿ' ಎಂದು ಹೊಲಿದ ಇಂತಹ ಕೌದಿಗಳು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಈ ಕೌದಿಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಕೈಗಳು ಅವೇ, ಬಟ್ಟೆ ಅದೇ. ಆದರೆ ಯೋಜನೆ ಯಾರದು ಎಂಬುದರಿಂದ ಕೆಲಸದ ಸ್ವರೂಪವೇ ಬದಲಾಯಿತು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಸಂಪ್ರದಾಯದ ಕಲೆಗಳಲ್ಲಿಯೂ ಮಾದರಿಗಳಿವೆಯಲ್ಲವೆ? ಧಾರವಾಡದ ಕಸೂತಿಯಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆಗಳು ತಲೆಮಾರುಗಳಿಂದ ಬಂದಿವೆ. ರಂಗೋಲಿಯಲ್ಲಿ ಚುಕ್ಕಿಗಳ ಲೆಕ್ಕ ನಿಶ್ಚಿತವಾಗಿದೆ. ಜೀಸ್ ಬೆಂಡಿನಲ್ಲಿಯೂ ನಡುವಿನ ಚೌಕದ ಸುತ್ತ ಪಟ್ಟಿಗಳನ್ನು ಸೇರಿಸುತ್ತ ಹೋಗುವ 'ಹೌಸ್‌ಟಾಪ್' ಎಂಬ ಕ್ರಮವನ್ನು ತಾಯಂದಿರಿಂದ ಮಕ್ಕಳು ಕಲಿತಿದ್ದಾರೆ. ಹಾಗಿದ್ದ ಮೇಲೆ ಅಂಗಡಿಯ ಮಾದರಿಯನ್ನು ಮಾತ್ರ ದೂರುವುದೇಕೆ?

ಈ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಸಂಪ್ರದಾಯಕ್ಕೂ ಮಾರಾಟದ ಮಾದರಿಗೂ ಇರುವ ವ್ಯತ್ಯಾಸವನ್ನು ಅದು ಮರೆಯುತ್ತದೆ. ಕಸೂತಿಯನ್ನು ಹಾಕುವವಳು ರೂಢಿಯಂತೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿಕೊಂಡು ಸೂಜಿ ಹಾಕುತ್ತಾಳೆ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳು ಆಕೆಗೆ ಗೊತ್ತು. ಸೆರಗಿನಲ್ಲಿ ಎಷ್ಟು ಜಾಗವಿದೆ, ತೇರು ಎಷ್ಟು ದೊಡ್ಡದಿರಬೇಕು, ಅದರ ಪಕ್ಕದಲ್ಲಿ ಆನೆ ನಿಲ್ಲಬೇಕೆ ನವಿಲು ನಿಲ್ಲಬೇಕೆ ಎಂಬುದನ್ನು ಆಕೆಯೇ ನಿಶ್ಚಯಿಸುತ್ತಾಳೆ. ಸಂಪ್ರದಾಯ ಆಕೆಗೆ ಭಾಷೆಯನ್ನು ಕೊಟ್ಟಿದೆ. ಏನು ಹೇಳಬೇಕೆಂಬುದನ್ನು ಆಕೆಗೆ ಬಿಟ್ಟಿದೆ. ಮಾರಾಟದ ಮಾದರಿ ಇದಕ್ಕೆ ವಿರುದ್ಧವಾದುದು. ಅದು ಪರೀಕ್ಷೆಯ ಮುನ್ನ ಅಂಗಡಿಯಲ್ಲಿ ಸಿಗುವ ಸಿದ್ಧ ಉತ್ತರಗಳ ಗೈಡನ್ನು ಹೋಲುತ್ತದೆ. ಗೈಡನ್ನು ಬಾಯಿಪಾಠ ಮಾಡಿದವನು ಉತ್ತರವನ್ನು ತಪ್ಪಿಲ್ಲದೆ ಬರೆಯಬಲ್ಲನು. ಆದರೆ ಪ್ರಶ್ನೆ ಸ್ವಲ್ಪ ಬದಲಾದರೆ ತಬ್ಬಿಬ್ಬಾಗುತ್ತಾನೆ. ಮಾದರಿಯನ್ನು ಮಾತ್ರ ಅನುಸರಿಸಿ ಕಲಿತವರು ಕೂಡ, ಹೇಳಿದ ಬಣ್ಣದ ಬಟ್ಟೆ ಅರ್ಧ ಗಜ ಕಡಿಮೆಯಾದರೆ ಕೈಚೆಲ್ಲಿ ಕೂರುತ್ತಾರೆ.

ಇನ್ನೊಂದು ಆಕ್ಷೇಪಣೆಯೂ ಇದೆ. ಎಲ್ಲರಿಗೂ ಕಲ್ಪನಾಶಕ್ತಿ ಇರುವುದಿಲ್ಲ. ಸಾಮಾನ್ಯರಿಗೆ ಮಾದರಿಯೇ ಗತಿ ಎಂದು ಕೆಲವರು ಹೇಳುತ್ತಾರೆ. ಗಣಿತವು ಈ ಮಾತನ್ನು ಒಪ್ಪುವುದಿಲ್ಲ. ಒಂದು ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿ, ಅರ್ಧಕ್ಕೆ ಕಪ್ಪು, ಇನ್ನರ್ಧಕ್ಕೆ ಬಿಳಿ ಬಟ್ಟೆಯನ್ನು ಹಾಕಿದರೆಂದು ಭಾವಿಸಬೇಕು. ಆ ಚೌಕವನ್ನು ತಿರುಗಿಸಿ ನಾಲ್ಕು ರೀತಿಯಲ್ಲಿ ಇಡಬಹುದು. ಅಂತಹ ನಾಲ್ಕು ಚೌಕಗಳನ್ನು ಎರಡರ ಕೆಳಗೆ ಎರಡರಂತೆ ಇಟ್ಟರೆ ಆಗುವ ಜೋಡಣೆಗಳು 4×4×4×4, ಅಂದರೆ 256. ಚೌಕಗಳ ಸಂಖ್ಯೆಯನ್ನು ಹದಿನಾರಕ್ಕೆ ಏರಿಸಿದರೆ ಜೋಡಣೆಗಳ ಸಂಖ್ಯೆ 429 ಕೋಟಿಯನ್ನು ಮೀರುತ್ತದೆ. ಫ್ರಾನ್ಸ್ ದೇಶದ ಪಾದ್ರಿ ಸೆಬಾಸ್ಟಿಯನ್ ಟ್ರೂಷೆ 1704ರಲ್ಲಿಯೇ ಇಂತಹ ಎರಡು ಬಣ್ಣದ ನೆಲಹಾಸಿನ ಬಿಲ್ಲೆಗಳನ್ನು ಕುರಿತು ಒಂದು ಪ್ರಬಂಧವನ್ನು ಬರೆದು, ಸರಳವಾದ ಒಂದು ಬಿಲ್ಲೆಯಿಂದ ಎಷ್ಟೊಂದು ಚಿತ್ತಾರಗಳು ಹುಟ್ಟಬಲ್ಲವು ಎಂಬುದನ್ನು ತೋರಿಸಿಕೊಟ್ಟನು. ಎರಡೇ ಬಣ್ಣ, ಹದಿನಾರೇ ಚೌಕಗಳಿಂದ ಕೋಟಿಗಟ್ಟಲೆ ವಿನ್ಯಾಸಗಳು ಸಾಧ್ಯವಿರುವಾಗ, ಎಷ್ಟು ದಪ್ಪನೆಯ ಮಾದರಿ ಪುಸ್ತಕವೂ ಅವುಗಳಲ್ಲಿ ಲೆಕ್ಕಕ್ಕೆ ಬಾರದಷ್ಟು ಸಣ್ಣ ಪಾಲನ್ನು ಮಾತ್ರ ತೋರಿಸಬಲ್ಲದು. ಉಳಿದವು ತಮ್ಮನ್ನು ಕಂಡುಹಿಡಿಯುವವರಿಗಾಗಿ ಕಾದಿವೆ.

ಕಂಡುಹಿಡಿಯುವ ಮಾರ್ಗವೂ ಕಠಿನವಾದುದಲ್ಲ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಕೌದಿ ಬೇಕೆಂದಿಟ್ಟುಕೊಳ್ಳಬಹುದು. ಆರು ಅಂಗುಲದ ಚೌಕಗಳಾಗಿ ವಿಂಗಡಿಸಿದರೆ ಉದ್ದಕ್ಕೆ 12, ಅಗಲಕ್ಕೆ 8, ಒಟ್ಟು 96 ಚೌಕಗಳಾಗುತ್ತವೆ. ಗ್ರಾಫ್ ಕಾಗದದ ಮೇಲೆ ಅಷ್ಟು ಮನೆಗಳನ್ನು ಗುರುತು ಮಾಡಿದರೆ ಅದೇ ಕೌದಿಯ ನೆಲ. ಮನೆಯಲ್ಲಿರುವ ಬಟ್ಟೆಗಳನ್ನು ತೊಳೆದು, ಗಾಢ, ನಸು, ಮಧ್ಯಮ ಎಂದು ಮೂರು ರಾಶಿ ಮಾಡಬೇಕು. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಬಣ್ಣಗಳ ಭೇದ ಮಸುಕಾಗಿ, ಯಾವುದು ಗಾಢ, ಯಾವುದು ನಸು ಎಂಬುದು ತಾನಾಗಿ ತಿಳಿಯುತ್ತದೆ. ದೂರದಿಂದ ನೋಡುವವರಿಗೆ ಕೌದಿಯ ಚಿತ್ತಾರವನ್ನು ಎತ್ತಿ ತೋರಿಸುವುದು ಮುಖ್ಯವಾಗಿ ಈ ನೆರಳುಬೆಳಕಿನ ಭೇದವೇ. ಅನಂತರ ಯಾವ ರಾಶಿಯಿಂದ ಎಷ್ಟು ಚೌಕಗಳು ದೊರೆಯುತ್ತವೆ ಎಂದು ಎಣಿಸಿ, ಗ್ರಾಫ್ ಕಾಗದದ ಮನೆಗಳಲ್ಲಿ ತುಂಬಿ ನೋಡಬೇಕು. ಹಿಡಿಸದಿದ್ದರೆ ಅಳಿಸಿ ಮತ್ತೆ ತುಂಬಬೇಕು. ಕಾಗದದ ಮೇಲೆ ತಪ್ಪಿದರೆ ಬಟ್ಟೆ ಹಾಳಾಗುವುದಿಲ್ಲ. ಹೊಲಿಯುವಾಗ ನಾಲ್ಕೂ ಬದಿಗೆ ಕಾಲು ಅಂಗುಲ ಒಳಗೆ ಹೋಗುವುದರಿಂದ ತುಂಡನ್ನು ಆರೂವರೆ ಅಂಗುಲಕ್ಕೆ ಕತ್ತರಿಸಬೇಕು. ಕತ್ತರಿಸಿದ ತುಂಡುಗಳನ್ನು ನೆಲದ ಮೇಲೆ ಹಾಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಬೆಳಗಿನ ಬೆಳಕಿನಲ್ಲಿ ನೋಡಿ ತಿದ್ದಬೇಕು. ಇಷ್ಟನ್ನು ಮಾಡಿದ ಒಂಬತ್ತನೆಯ ತರಗತಿಯ ಬಾಲಕನಾಗಲಿ ಬಾಲಕಿಯಾಗಲಿ ಅಳತೆ, ಅನುಪಾತ, ಸಮಮಿತಿಗಳನ್ನು ಪುಸ್ತಕದಲ್ಲಿ ಓದಿದುದಕ್ಕಿಂತ ಚೆನ್ನಾಗಿ ತಿಳಿದಿರುತ್ತಾರೆ.

ಮೊದಲ ಕೌದಿ ಸೊಟ್ಟಗಾಗಬಹುದು. ಬಣ್ಣಗಳು ಒಂದಕ್ಕೊಂದು ಒಗ್ಗದೆ ಹೋಗಬಹುದು. ಅದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ. ಕೊಂಡ ಮಾದರಿಯಿಂದ ಹೊಲಿದ ಕೌದಿಯಲ್ಲಿ ತಪ್ಪಾದರೆ ಎಲ್ಲಿ ತಪ್ಪಾಯಿತೆಂಬುದು ತಿಳಿಯಬಹುದು; ಏಕೆ ಹಾಗೆ ಇರಬಾರದೆಂಬುದು ತಿಳಿಯುವುದಿಲ್ಲ. ತಾನೇ ಯೋಚಿಸಿ ಮಾಡಿದುದರಲ್ಲಿ ತಪ್ಪಿನ ಕಾರಣವೂ ಗೋಚರಿಸುತ್ತದೆ. ಎರಡನೆಯ ಕೌದಿಗೆ ಆ ತಪ್ಪೇ ಗುರುವಾಗುತ್ತದೆ. ಆರಂಭಿಸುವವರು ಬೇರೆಯವರ ಕೌದಿಗಳನ್ನು ನೋಡಬಾರದೆಂದೂ ಇದರ ಅರ್ಥವಲ್ಲ. ನೋಡಬೇಕು, ಕೇಳಬೇಕು, ಒಂದೆರಡನ್ನು ಹಾಗೆಯೇ ಹೊಲಿದು ಕಲಿಯಲೂ ಬೇಕು. ಮಗು ಗೋಡೆ ಹಿಡಿದು ನಡೆಯಲು ಕಲಿಯುತ್ತದೆ. ಆದರೆ ಕಾಲು ಗಟ್ಟಿಯಾದ ಮೇಲೂ ಗೋಡೆಯನ್ನು ಬಿಡದಿದ್ದರೆ ಅದು ಅಂಗಳಕ್ಕೆ ಇಳಿಯುವುದೆಂದು?

ಇದು ಬಿಡುವಿನ ವೇಳೆಯ ಹವ್ಯಾಸಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಗಿರಣಿಯ ಕಂಬಳಿಗಳು ಅಗ್ಗವಾಗಿ ದೊರೆಯುವುದರಿಂದ ಕೌದಿ ಹೊಲಿಯುವವರು ಕಡಿಮೆಯಾಗುತ್ತಿದ್ದಾರೆ. ಇದೇ ಸಮಯದಲ್ಲಿ ಕೈಹೊಲಿಗೆಯ ಹೊದಿಕೆಗಳಿಗೆ ನಗರಗಳಲ್ಲಿ ಬೇಡಿಕೆಯೂ ಹುಟ್ಟಿದೆ. ನಗರದಲ್ಲಿ ಕುಳಿತು ಯಾರೋ ನಕ್ಷೆ ಬರೆದು, ಬಣ್ಣ ಆರಿಸಿ, ಬಟ್ಟೆ ಕತ್ತರಿಸಿ ಕಳುಹಿಸಿದರೆ, ಹಳ್ಳಿಯ ಹೆಂಗಸು ಅಂಗುಲಕ್ಕೆ ಇಷ್ಟು ಹೊಲಿಗೆಯಂತೆ ಹಾಕಿಕೊಟ್ಟು ಕೂಲಿ ಪಡೆಯುವ ವ್ಯವಸ್ಥೆ ಬೆಳೆಯಬಹುದು. ಕೂಲಿ ದೊರೆಯುವುದು ಒಳ್ಳೆಯದೇ. ಆದರೆ ನಕ್ಷೆ ಬರೆದವರಿಗೆ 'ಕಲಾವಿದ' ಎಂಬ ಹೆಸರೂ ಹೆಚ್ಚಿನ ಹಣವೂ, ತಲೆಮಾರುಗಳಿಂದ ನಕ್ಷೆಯೇ ಇಲ್ಲದೆ ಕೌದಿಯನ್ನು ರೂಪಿಸುತ್ತ ಬಂದವಳಿಗೆ 'ಕೂಲಿಕಾರ್ತಿ' ಎಂಬ ಹೆಸರೂ ದೊರೆತರೆ ಅದು ನ್ಯಾಯವಾಗುವುದಿಲ್ಲ. ಆಕೆಯ ವಿನ್ಯಾಸವನ್ನು ಕೊಳ್ಳಬೇಕು. ಆಕೆಯ ಹೆಸರಿನಲ್ಲಿ ಮಾರಬೇಕು. ಹೊಲಿಗೆಯ ಬೆಲೆಯೊಂದಿಗೆ ಯೋಚನೆಯ ಬೆಲೆಯನ್ನೂ ಆಕೆಗೆ ಸಲ್ಲಿಸಬೇಕು. ಆಕೆಯ ಕೆಲಸದಲ್ಲಿ ಯೋಚನೆಯಿದೆ ಎಂಬುದನ್ನು ಸಮಾಜ ಮೊದಲು ಒಪ್ಪಿಕೊಂಡಾಗ ಮಾತ್ರ ಇದು ಸಾಧ್ಯ.

ಶಾಲೆಗಳು ಈ ಕೆಲಸದಲ್ಲಿ ಬಹಳಷ್ಟು ಸಹಾಯ ಮಾಡಬಲ್ಲವು. ಹೊಲಿಗೆಯ ತರಗತಿಯಲ್ಲಿ ಎಲ್ಲರೂ ಒಂದೇ ಹೂವನ್ನು ಇಂಗಾಲದ ಕಾಗದದಿಂದ ಬಟ್ಟೆಗಿಳಿಸಿ, ಹೇಳಿದ ಬಣ್ಣವನ್ನೇ ತುಂಬಿ, ನಲವತ್ತು ಕರವಸ್ತ್ರಗಳನ್ನು ಒಂದೇ ತೆರನಾಗಿ ಮುಗಿಸುವುದುಂಟು. ಅದರಿಂದ ಕೈ ಪಳಗುತ್ತದೆ, ನಿಜ. ಅದರ ಮುಂದಿನ ಹೆಜ್ಜೆಯಾಗಿ ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಹಳೆಯ ಬಟ್ಟೆಯನ್ನು ತಂದು, ತನ್ನದೇ ಆದ ಒಂದು ಚೌಕವನ್ನು ರೂಪಿಸಬಹುದು. ಊರಿನಲ್ಲಿ ಕೌದಿ ಹೊಲಿಯಬಲ್ಲ ಅಜ್ಜಿಯೊಬ್ಬರಿದ್ದರೆ ಅವರನ್ನು ತರಗತಿಗೆ ಕರೆದು, ಯಾವ ತುಂಡನ್ನು ಎಲ್ಲಿ ಏಕೆ ಇಟ್ಟಿರೆಂದು ಕೇಳಿ ಬರೆದುಕೊಳ್ಳಬಹುದು. ಅಕ್ಷರ ಕಲಿಯದ ಹಿರಿಯರಿಂದ ಅಕ್ಷರ ಬಲ್ಲ ಮಕ್ಕಳು ಕಲಿಯಬೇಕಾದ ಪಾಠಗಳಲ್ಲಿ ಇದೂ ಒಂದು.

ಕೌದಿಯ ಮೇಲ್ಪದರ ಕೆಲವು ಅಡಿಗಳಷ್ಟು ಬಟ್ಟೆ ಮಾತ್ರ. ಅಷ್ಟು ಚಿಕ್ಕ ಜಾಗದಲ್ಲಿ ಏನನ್ನು ಎಲ್ಲಿ ಇಡಬೇಕೆಂಬುದನ್ನು ತಾನೇ ನಿರ್ಣಯಿಸಿ, ಆ ನಿರ್ಣಯದ ಗುಣದೋಷಗಳಿಗೆ ತಾನೇ ಹೊಣೆಯಾಗಿ ನಿಲ್ಲುವವರಲ್ಲಿ ಒಂದು ಬಗೆಯ ಆತ್ಮವಿಶ್ವಾಸ ಬೆಳೆಯುತ್ತದೆ. ಹಳೆಯ ಬಟ್ಟೆ ಎಲ್ಲರ ಮನೆಯಲ್ಲಿಯೂ ಇದೆ. ಸೂಜಿದಾರಕ್ಕೆ ಹೆಚ್ಚು ಬೆಲೆಯಿಲ್ಲ. ಮೊದಲ ತುಂಡನ್ನು ಎಲ್ಲಿ ಇಡಬೇಕೆಂದು ತಾವೇ ಯೋಚಿಸುವ ಧೈರ್ಯವೊಂದಿದ್ದರೆ ಉಳಿದ ತುಂಡುಗಳ ಸ್ಥಾನ ಹೊಲಿಯುತ್ತ ಹೋದಂತೆ ಗೊತ್ತಾಗುತ್ತದೆ.